ಎಂಜಿನ್ ಸೀಜ್ ಆದ ಮೇಲೆ ಮತ್ತೆ ಟ್ಯೂನಿಂಗ್‌ಗೆ ಕೈ ಹಾಕುವುದು ಹೇಗೆ?

ಪೋರ್ಟಿಂಗ್ ಮಾಡಿಸಿದ (ಸಿಲಿಂಡರ್ ಬ್ಲಾಕ್‌ನಲ್ಲಿ ಮಿಕ್ಸ್ಚರ್, ಹೊಗೆ ಓಡಾಡುವ ತೂತುಗಳನ್ನು ದೊಡ್ಡದು ಮಾಡಿಸಿದ) ಯಮಹಾ ಆರ್‌ಎಕ್ಸ್ 100 ಒಮ್ಮೆ ಸೀಜ್ ಆಯಿತು (ಪಿಸ್ಟನ್ ಬ್ಲಾಕ್‌ಗೆ ಕಚ್ಚಿಕೊಂಡು ನಿಂತಿತು) ಅಂದ್ರೆ ಓನರ್‌ಗಳು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ಕೆಲವರು ಅದೇ ವಾರ ಹೊಸ ಬೋರ್ ಪಿಸ್ಟನ್ ಹಾಕಿಸಿ, ಅದೇ ಜೆಟ್ (ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡು), ಅದೇ ಚೇಂಬರ್ (ಪವರ್ ಹೆಚ್ಚಿಸಲು ಹಾಕುವ ಉಬ್ಬಿದ ಸೈಲೆನ್ಸರ್), ಅದೇ ಆಯಿಲ್‌ನಲ್ಲಿ ಮತ್ತೆ ಓಡಿಸುತ್ತಾರೆ. ಇನ್ನು ಕೆಲವರು ಗಾಡಿಯನ್ನು ಮೂಲೆಗೆ ತಳ್ಳಿ, ಟ್ಯೂನಿಂಗ್ ಸಹವಾಸವೇ ಬೇಡ, ಮಾರಿಬಿಡೋಣ ಅಂತ ಕೂತುಬಿಡುತ್ತಾರೆ. ಇಬ್ಬರಿಗೂ ಎಂಜಿನ್ ಯಾಕೆ ಹೋಯಿತು ಅಂತ ಗೊತ್ತಿರುವುದಿಲ್ಲ. ಮೊದಲನೆಯವರ ಗಾಡಿ ಮತ್ತೆ ಸೀಜ್ ಆಗುತ್ತದೆ. ಎರಡನೆಯವರು ಕಾರಣ ಗೊತ್ತಿಲ್ಲದ ಭಯವನ್ನೇ ವರ್ಷಗಟ್ಟಲೆ ಹೊತ್ತುಕೊಂಡು ತಿರುಗುತ್ತಾರೆ.

ಹೋದ ಧೈರ್ಯ ವಾಪಸ್ ಬರಬೇಕು ಅಂದ್ರೆ ಕಾರಣ ಸಿಗಬೇಕು. ಅದು ಸಿಗುವವರೆಗೆ ಎಂಜಿನ್ ಜೋಡಿಸಬೇಡಿ. ಈ ಲೇಖನದಲ್ಲಿ ನಾನು ಹೇಳುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

ಉದಾಹರಣೆಗೆ ಆರ್‌ಎಕ್ಸ್ 100 ತಗೊಂಡಿದ್ದೇನೆ. 1985ರಿಂದ 1996ರವರೆಗೆ ಎಸ್ಕಾರ್ಟ್ಸ್ ಜೊತೆ ಸೇರಿ ಯಮಹಾ ಇಲ್ಲಿ ತಯಾರಿಸಿದ ಗಾಡಿ, ನಮ್ಮ ಕಡೆ ಇವತ್ತಿಗೂ ಜಾಸ್ತಿ ಟ್ಯೂನ್ ಆಗುವ ಟೂ ಸ್ಟ್ರೋಕ್ ಇದೇ. ಆರ್‌ಎಕ್ಸ್ 135, ಆರ್‌ಎಕ್ಸ್‌ಝಡ್, ಮೈಸೂರಿನ ಯೆಜ್ಡಿ ಇಟ್ಟುಕೊಂಡವರಿಗೂ ದಾರಿ ಇದೇ, ಅಂಕೆಗಳು ಮಾತ್ರ ಬೇರೆ. ಅವನ್ನು ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್‌ನಿಂದ ತಗೊಳ್ಳಿ.

ಒಂದು ಲೆಕ್ಕ ಮೊದಲೇ ತಲೆಯಲ್ಲಿರಲಿ. ಆರ್‌ಎಕ್ಸ್ 100ರ ಬೋರ್ (ಸಿಲಿಂಡರ್‌ನ ಒಳ ಅಗಲ) 50 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 50 ಮಿ.ಮೀ. ಕಂಪನಿ ಕೊಟ್ಟ 11 ಪಿಎಸ್ ಬರುವುದು 7500 ಆರ್‌ಪಿಎಂನಲ್ಲಿ. ಟೂ ಸ್ಟ್ರೋಕ್ ಆದ್ದರಿಂದ ಪ್ರತಿ ಸುತ್ತಿಗೂ ಒಂದು ಫೈರಿಂಗ್, ಅಂದ್ರೆ ಸೆಕೆಂಡಿಗೆ 125. ಎಕ್ಸಾಸ್ಟ್ ಪೋರ್ಟ್ (ಹೊಗೆ ಹೊರಹೋಗುವ ತೂತು) ಎತ್ತರಿಸಿ, ಚೇಂಬರ್ ಹಾಕಿ 10,000ಕ್ಕೆ ಕೊಂಡೊಯ್ದರೆ ಫೈರಿಂಗ್ 166 ದಾಟುತ್ತದೆ. ಪಿಸ್ಟನ್ ಮೇಲೆ ಹೋಗಿ ನಿಂತು ತಿರುಗುವಾಗ ರಾಡ್ ಮತ್ತು ಬೇರಿಂಗ್ ಮೇಲೆ ಬೀಳುವ ಎಳೆತ ಆರ್‌ಪಿಎಂನ ವರ್ಗದ ಲೆಕ್ಕದಲ್ಲಿ ಏರುತ್ತದೆ. ಹಾಗಾಗಿ ಅದು ಸುಮಾರು 1.8 ಪಟ್ಟು ಆಗುತ್ತದೆ. ಶಾಖವೂ ಹಾಗೇ ಜಾಸ್ತಿ, ಆದರೆ ಬ್ಲಾಕ್‌ನ ಫಿನ್‌ಗಳು ಅಷ್ಟೇ ಇವೆ, ಬೀಸುವ ಗಾಳಿಯೂ ಅಷ್ಟೇ. ಸ್ಟಾಕ್ ಗಾಡಿ (ಕಂಪನಿಯಿಂದ ಬಂದ ಹಾಗೇ ಇರುವ ಗಾಡಿ) ತಡೆದುಕೊಳ್ಳುವ ಸಣ್ಣ ತಪ್ಪನ್ನು ಟ್ಯೂನ್ ಆದ ಗಾಡಿ ತಡೆದುಕೊಳ್ಳುವುದಿಲ್ಲ. ಟ್ಯೂನಿಂಗ್ ಕೆಟ್ಟದ್ದು ಅಂತ ಇದರ ಅರ್ಥ ಅಲ್ಲ. ತಪ್ಪಿಗೆ ಉಳಿದಿರುವ ಜಾಗ ಕಡಿಮೆ, ಅಷ್ಟೆ.

ಬಿಚ್ಚುವ ಮೊದಲು ಬರೆದಿಡಿ

ಸೀಜ್ ಆದ ದಿನವೇ ಒಂದು ನೋಟ್‌ಬುಕ್ ತೆಗೆಯಿರಿ. ಆಗ ಎಷ್ಟು ಥ್ರಾಟಲ್ ಕೊಟ್ಟಿದ್ರಿ, ಯಾವ ಗೇರ್, ಎಷ್ಟು ಹೊತ್ತಿಂದ ಒಂದೇ ಸಮ ಓಡಿಸ್ತಿದ್ರಿ, ಏರೋ ಇಳಿಜಾರೋ, ಪೆಟ್ರೋಲ್ ಎಲ್ಲಿ ಹಾಕಿಸಿದ್ದು, ಆಯಿಲ್ ಎಷ್ಟು, ಅದಕ್ಕೂ ಮುಂಚೆ ಗಾಡಿಯ ನಡವಳಿಕೆ ಏನಾದರೂ ಬದಲಾಗಿತ್ತಾ. ಕೊನೆಯ ಪ್ರಶ್ನೆ ತುಂಬಾ ಮುಖ್ಯ. ರೈಸ್ ಬಿಟ್ಟ ಮೇಲೂ ಐಡಲ್ ತಕ್ಷಣ ಕೆಳಗೆ ಬರದೆ ಮೇಲೇ ತೂಗಾಡುತ್ತಿತ್ತು ಅಂದ್ರೆ ಎಲ್ಲೋ ಗಾಳಿ ಎಳೆಯುತ್ತಿದೆ. ಬಿಳಿ ಹೊಗೆ ಜಾಸ್ತಿಯಾಗಿ ಗೇರ್ ಆಯಿಲ್ ಕಡಿಮೆಯಾಗುತ್ತಿತ್ತು ಅಂದ್ರೆ ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ (ಕ್ರ್ಯಾಂಕ್ ಸುತ್ತ ಗಾಳಿ, ಆಯಿಲ್ ತಡೆಯುವ ರಬ್ಬರ್ ಉಂಗುರ) ಮೇಲೆ ಅನುಮಾನ. ಫುಲ್ ಥ್ರಾಟಲ್‌ನಲ್ಲಿ ಗಾಡಿ ಇದ್ದಕ್ಕಿದ್ದಂತೆ ಹಿಂದೆಂದೂ ಇಲ್ಲದಷ್ಟು ಚುರುಕಾಗಿ ಎಳೆದು ಆಮೇಲೆ ನಿಂತಿತು ಅಂದ್ರೆ ಮಿಕ್ಸ್ಚರ್ ಲೀನ್ ಆಗಿತ್ತು (ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇರಲಿಲ್ಲ) ಅಂತ ಬಹುತೇಕ ಹೇಳಬಹುದು. ಟೂ ಸ್ಟ್ರೋಕ್ ಎಂಜಿನ್ ಹೋಗುವ ಮುಂಚೆ ಒಂದು ಗಳಿಗೆ ಚೆನ್ನಾಗಿ ಓಡುತ್ತದೆ. ಜನ ಮೋಸ ಹೋಗುವುದು ಅಲ್ಲೇ.

ಮನೆಗೆ ಬಂದ ಮೇಲೆ ಕಾರ್ಬುರೇಟರ್ ಮುಟ್ಟಬೇಡಿ. ಪ್ಲಗ್ ತೆಗೆದು ಫೋಟೋ ಹೊಡೆಯಿರಿ, ಒರೆಸಬೇಡಿ. ಪಿಸ್ಟನ್ ತೆಗೆದಾಗ ಎಕ್ಸಾಸ್ಟ್ ಕಡೆ ಯಾವುದು, ಇನ್‌ಟೇಕ್ ಕಡೆ ಯಾವುದು ಅಂತ ಮಾರ್ಕರ್‌ನಲ್ಲಿ ಗುರುತು ಮಾಡಿ. ಮೆಕ್ಯಾನಿಕ್ ಹತ್ತಿರ ಕೊಟ್ಟಿದ್ದರೆ ಮುಂಚೆಯೇ ಹೇಳಿ: "ಅಣ್ಣ, ಹಳೇ ಪಿಸ್ಟನ್, ರಿಂಗ್, ಪ್ಲಗ್, ಪ್ಯಾಕಿಂಗ್ ಏನೂ ಬಿಸಾಕ್ಬೇಡಿ, ಎಲ್ಲ ನನಗೆ ಬೇಕು." ಬಿಚ್ಚುವಾಗ ಪಕ್ಕದಲ್ಲಿ ನಿಂತು ನೋಡಲು ಬಿಡಿ ಅಂತಲೂ ಕೇಳಿ. ಒಳ್ಳೆ ಮೆಕ್ಯಾನಿಕ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಪಿಸ್ಟನ್ ಓದುವುದು

ಪಿಸ್ಟನ್ ಮೇಲಿನ ಗೀರುಗಳು ಎಲ್ಲಿವೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. ಬಿಸಿಲಿನಲ್ಲಿ ಹಿಡಿದು ನಿಧಾನವಾಗಿ ತಿರುಗಿಸಿ ನೋಡಿ.

ಸುತ್ತಲೂ ನಾಲ್ಕು ಕಡೆ ಉದ್ದುದ್ದ ಗೀರು ಬಿದ್ದಿದ್ದರೆ ಪಿಸ್ಟನ್ ಬ್ಲಾಕ್‌ಗಿಂತ ಬೇಗ ಹಿಗ್ಗಿದೆ. ಇದು ಕ್ಲಿಯರೆನ್ಸ್ (ಪಿಸ್ಟನ್ ಮತ್ತು ಬೋರ್ ನಡುವಿನ ಸಂದು) ಕಡಿಮೆ ಇಟ್ಟಾಗ ಆಗುತ್ತದೆ, ತಣ್ಣಗಿದ್ದ ಎಂಜಿನ್‌ಗೆ ಸ್ಟಾರ್ಟ್ ಮಾಡಿದ ಕೂಡಲೇ ರೈಸ್ ಕೊಟ್ಟಾಗಲೂ ಆಗುತ್ತದೆ. ಎಕ್ಸಾಸ್ಟ್ ಕಡೆ ಮಾತ್ರ ಗೀರಿದ್ದರೆ ಶಾಖದ ಸಮಸ್ಯೆ: ಲೀನ್ ಮಿಕ್ಸ್ಚರ್, ಜಾಸ್ತಿ ಅಡ್ವಾನ್ಸ್ ಆದ ಟೈಮಿಂಗ್ (ಪ್ಲಗ್ ಕಿಡಿ ತುಂಬಾ ಮುಂಚೆ ಹಾರುವುದು), ಇಲ್ಲವೇ ಗಾಳಿ ಸೋರಿಕೆ. ಇನ್‌ಟೇಕ್ ಕಡೆ ಗೀರು ಬೀಳುವುದು ಅಪರೂಪ, ಯಾಕಂದ್ರೆ ತಣ್ಣನೆ ಪೆಟ್ರೋಲ್, ಆಯಿಲ್ ಎರಡೂ ಮೊದಲು ಬರುವುದು ಅಲ್ಲಿಗೇ. ಅಲ್ಲೇ ಗೀರಿದೆ ಅಂದ್ರೆ ಆಯಿಲ್ ಬಂದಿಲ್ಲ, ಅಥವಾ ಏರ್ ಫಿಲ್ಟರ್ ಇಲ್ಲದೆ ಧೂಳು ಒಳಗೆ ಹೋಗಿದೆ. ಫಿಲ್ಟರ್ ತೆಗೆದು ಬರೀ ಬೆಲ್‌ಮೌತ್ (ಬಾಯಿ ತೆರೆದ ಕೊಳವೆ) ಹಾಕಿ ಹಳ್ಳಿ ರಸ್ತೆಯಲ್ಲಿ ಓಡಿಸುವವರು ಇದನ್ನು ಗಮನಿಸಲೇಬೇಕು. ಸುತ್ತಲೂ ಒಂದೇ ಸಮ ಉಜ್ಜಿ ರಿಂಗ್ ಸಹ ಅಂಟಿಕೊಂಡಿದ್ದರೆ ಆಯಿಲ್ ಪೂರ್ತಿ ನಿಂತಿರುವ ಸಾಧ್ಯತೆಯೇ ಹೆಚ್ಚು.

ಇನ್ನು ಪಿಸ್ಟನ್ ತಲೆ. ಅಂಚಿನಲ್ಲಿ ಮರಳು ಹೊಡೆದಂತೆ ಸಣ್ಣ ಸಣ್ಣ ಚುಕ್ಕೆ ಗುಳಿಗಳಿದ್ದರೆ ಅದು ಡೆಟೊನೇಷನ್, ಅಂದ್ರೆ ಮಿಕ್ಸ್ಚರ್ ಸಮನಾಗಿ ಉರಿಯದೆ ಸಿಡಿದಿದೆ. ಹೆಡ್ ಜಾಸ್ತಿ ಸ್ಕಿಮ್ ಮಾಡಿಸಿ (ಅಡಿ ಸವೆಸಿ) ಕಂಪ್ರೆಷನ್ ಏರಿಸಿದವರಿಗೆ ಇದು ಬರುತ್ತದೆ, ಟೈಮಿಂಗ್ ಮುಂದಿಟ್ಟವರಿಗೂ ಬರುತ್ತದೆ. ನಡುವೆ ಕರಗಿ ತೂತಾಗಿದ್ದರೆ ಪ್ಲಗ್ ಅಥವಾ ಕಾರ್ಬನ್ ಚೂರು ಕೆಂಡದಂತೆ ಕಾದು ಕಿಡಿಗಿಂತ ಮೊದಲೇ ಹೊತ್ತಿಸಿರಬೇಕು. ಪ್ಲಗ್‌ನ ಹೀಟ್ ರೇಂಜ್ (ಅದು ಶಾಖವನ್ನು ಎಷ್ಟು ಬೇಗ ಬಿಟ್ಟುಕೊಡುತ್ತದೆ ಅನ್ನುವ ಅಂಕೆ) ನೋಡಿ. ಎನ್‌ಜಿಕೆಯಲ್ಲಿ ಅಂಕೆ ದೊಡ್ಡದಾದಷ್ಟೂ ಪ್ಲಗ್ ಕೋಲ್ಡ್, ಬಾಷ್‌ನಲ್ಲಿ ಇದು ಉಲ್ಟಾ. ಎರಡು ಕಂಪನಿಯ ಅಂಕೆಗಳನ್ನು ಗೊಂದಲ ಮಾಡಿಕೊಂಡು ಹಾಟ್ ಪ್ಲಗ್ ಹಾಕಿ ಓಡಿಸುವವರು ಇದ್ದಾರೆ.

ರಿಂಗ್ ತುಂಡಾಗಿದ್ದರೆ ಪೋರ್ಟ್ ಅಂಚನ್ನು ಬೆರಳಲ್ಲಿ ಸವರಿ. ಪೋರ್ಟ್ ಅಗಲ ಮಾಡಿದವರು ಅಂಚನ್ನು ಚೇಂಫರ್ ಮಾಡದೆ (ಚೂಪು ಸವೆಸಿ ಓರೆ ಮಾಡದೆ) ಬಿಟ್ಟಿದ್ದರೆ ರಿಂಗ್ ಅಲ್ಲಿ ಸಿಕ್ಕಿಕೊಂಡು ಮುರಿಯುತ್ತದೆ. ಇದರಲ್ಲಿ ಜೆಟ್‌ನ ತಪ್ಪು ಏನೂ ಇಲ್ಲ.

ಗಾಳಿ ಸೋರಿಕೆ: ಇದನ್ನು ಬಿಡಬೇಡಿ

ಎಷ್ಟೋ ಸೀಜ್‌ಗಳಲ್ಲಿ ಜೆಟ್ ಮೇಲೆ ಬೈಗುಳ ಬೀಳುತ್ತದೆ, ನಿಜವಾದ ಕಾರಣ ಮ್ಯಾಗ್ನೆಟ್ ಕಡೆಯ ಹಳೇ ಆಯಿಲ್ ಸೀಲ್ ಆಗಿರುತ್ತದೆ. ಮೂವತ್ತು ವರ್ಷದ ಗಾಡಿಯಲ್ಲಿ ಸೀಲ್‌ನ ರಬ್ಬರ್ ಕಲ್ಲಾಗಿರುತ್ತದೆ. ಅಲ್ಲಿಂದ ಬರುವ ಗಾಳಿ ಕಾರ್ಬುರೇಟರ್ ಮೂಲಕ ಬರುವುದಿಲ್ಲ, ಹಾಗಾಗಿ ಅದರ ಜೊತೆ ಪೆಟ್ರೋಲೂ ಇಲ್ಲ, ಆಯಿಲೂ ಇಲ್ಲ. ನೀವು ಎಷ್ಟೇ ಜೆಟ್ ಬದಲಿಸಿದರೂ ಆ ಸೋರಿಕೆ ಇವತ್ತಿದ್ದಷ್ಟು ನಾಳೆ ಇರುವುದಿಲ್ಲ, ಹಾಗಾಗಿ ಟ್ಯೂನಿಂಗ್ ಕೈಗೆ ಸಿಗುವುದೇ ಇಲ್ಲ.

ಪರೀಕ್ಷೆ ಮಾಡುವುದು ಮನೆಯಲ್ಲೇ ಸಾಧ್ಯ, ಖರ್ಚೂ ಕಡಿಮೆ. ಕೈಯಿಂದ ಒತ್ತಿ ಬಿಪಿ ನೋಡುವ ಹಳೇ ಉಪಕರಣದ ರಬ್ಬರ್ ಬಲ್ಬ್ ಮತ್ತು ಗೇಜ್ ಸಾಕು. ಎಕ್ಸಾಸ್ಟ್ ಪೋರ್ಟ್‌ಗೆ ದಪ್ಪ ರಬ್ಬರ್ ಶೀಟ್ ಇಟ್ಟು ಪ್ಲೇಟ್‌ನಿಂದ ಬಿಗಿಯಿರಿ. ಕಾರ್ಬುರೇಟರ್ ತೆಗೆದು ಆ ಜಾಗಕ್ಕೆ ಗಾಳಿ ನಳಿಕೆ ಇರುವ ರಬ್ಬರ್ ಬಿರಡೆ ಹಾಕಿ. ಆಯಿಲ್ ಪಂಪಿನ ಪೈಪ್ ಸೇರುವ ಜಾಗವನ್ನೂ ಮುಚ್ಚಿ. ಪ್ಲಗ್ ಹಾಕೇ ಇರಲಿ. ಪಿಸ್ಟನ್ ಪೂರ್ತಿ ಕೆಳಗಿರಲಿ, ಆಗ ಟ್ರಾನ್ಸ್‌ಫರ್ ಪೋರ್ಟ್ (ಕೆಳಗಿನಿಂದ ಮಿಕ್ಸ್ಚರ್ ಮೇಲೆ ಬರುವ ದಾರಿ) ತೆರೆದು ಕ್ರ್ಯಾಂಕ್‌ಕೇಸ್, ಬ್ಲಾಕ್ ಎರಡೂ ಒಂದೇ ಕೋಣೆ ಆಗುತ್ತದೆ. ಈಗ ನಿಧಾನಕ್ಕೆ ಬಿಪಿ ಗೇಜ್‌ನಲ್ಲಿ 250 ಎಂಎಂ ತನಕ ಗಾಳಿ ತುಂಬಿ. ಇದು ಸುಮಾರು 5 ಪಿಎಸ್‌ಐ. ಇದಕ್ಕಿಂತ ತುಂಬಾ ಮೇಲೆ ಹೋಗಬೇಡಿ, ಒಳ್ಳೆ ಸೀಲ್ ಕೂಡ ಜಾಗ ಬಿಟ್ಟು ಬರುತ್ತದೆ. ಐದಾರು ನಿಮಿಷ ಮುಳ್ಳು ಹೆಚ್ಚುಕಡಿಮೆ ಅಲ್ಲೇ ನಿಲ್ಲಬೇಕು. ನಿಮಿಷಕ್ಕೆ 50 ಎಂಎಂಗಿಂತ ಬೇಗ ಇಳಿಯುತ್ತಿದ್ದರೆ ಸೋರಿಕೆ ಇದೆ, ಹುಡುಕಿ. ಸೋಪಿನ ನೀರನ್ನು ಬ್ಲಾಕ್ ಕೆಳಗಿನ ಪ್ಯಾಕಿಂಗ್, ಹೆಡ್, ರೀಡ್ ವಾಲ್ವ್ ಜಾಗ, ಇನ್‌ಟೇಕ್ ರಬ್ಬರ್, ಮ್ಯಾಗ್ನೆಟ್ ಹಿಂದಿನ ಸೀಲ್, ಎರಡು ಕೇಸ್ ಸೇರುವ ಗೆರೆ ಎಲ್ಲದರ ಮೇಲೂ ಬಳಿಯಿರಿ. ಗುಳ್ಳೆ ಎದ್ದ ಕಡೆ ಸೋರಿಕೆ. ಎಲ್ಲೂ ಗುಳ್ಳೆ ಇಲ್ಲದೆ ಮುಳ್ಳು ಇಳಿಯುತ್ತಿದ್ದರೆ ಗೇರ್ ಆಯಿಲ್ ಹಾಕುವ ಮುಚ್ಚಳ ತೆಗೆದು ಅಲ್ಲಿ ಗಾಳಿ ಬರುತ್ತಿದೆಯಾ ನೋಡಿ, ಬಂದರೆ ಕ್ಲಚ್ ಕಡೆಯ ಸೀಲ್ ಹೋಗಿದೆ.

ಸೀಜ್ ಆಗಿ ಬೋರ್ ಗೀರಿದ್ದರೂ ಈ ಪರೀಕ್ಷೆ ಮಾಡಬಹುದು, ಬ್ಲಾಕ್ ಬಿಚ್ಚುವ ಮುಂಚೆ ಮಾಡಿದರೆ ಇನ್ನೂ ಒಳ್ಳೆಯದು. ಜೋಡಿಸಿದ ಮೇಲೆ ಇನ್ನೊಮ್ಮೆ ಮಾಡಿ. ನನ್ನ ಮಟ್ಟಿಗೆ ಟೂ ಸ್ಟ್ರೋಕ್ ಟ್ಯೂನಿಂಗ್‌ನಲ್ಲಿ ಇದಕ್ಕಿಂತ ಧೈರ್ಯ ಕೊಡುವ ಪರೀಕ್ಷೆ ಬೇರೆ ಇಲ್ಲ. ಮುಳ್ಳು ನಿಂತಿದ್ದನ್ನು ಕಣ್ಣಾರೆ ನೋಡಿದ ಮೇಲೆ ರಸ್ತೆಯಲ್ಲಿ ಸೀಲ್ ಬಗ್ಗೆ ಯೋಚನೆಯೇ ಬರುವುದಿಲ್ಲ.

ಪೆಟ್ರೋಲ್ ಮೊದಲಿನಂತಿಲ್ಲ

2023ರ ಫೆಬ್ರುವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲೇ ಇ20 (ಶೇ. 20 ಎಥೆನಾಲ್ ಬೆರೆಸಿದ) ಪೆಟ್ರೋಲ್ ಬಿಡುಗಡೆ ಆಗಿದ್ದು. ಈಗ ಬಂಕ್‌ಗಳಲ್ಲಿ ಸಿಗುವುದು ಹೆಚ್ಚಾಗಿ ಅದೇ. ಹಳೇ ಟ್ಯೂನರ್‌ಗಳ ಜೆಟ್ ಲೆಕ್ಕ ಹೆಚ್ಚಿನದು ಎಥೆನಾಲ್ ಇಲ್ಲದ ಪೆಟ್ರೋಲ್ ಕಾಲದ್ದು. ಬರೀ ಪೆಟ್ರೋಲ್ ಪೂರ್ತಿ ಉರಿಯಲು ಒಂದು ಪಾಲಿಗೆ ಸುಮಾರು 14.7 ಪಾಲು ಗಾಳಿ ಬೇಕು, ಎಥೆನಾಲ್‌ಗೆ 9 ಸಾಕು. ಶೇ. 20 ಬೆರೆಸಿದಾಗ ಲೆಕ್ಕ ಸುಮಾರು 13.5ಕ್ಕೆ ಬರುತ್ತದೆ. ಅಂದ್ರೆ ಅದೇ ಜೆಟ್, ಕಾರ್ಬುರೇಟರ್‌ನ ಅದೇ ಸೂಜಿ ಇಟ್ಟುಕೊಂಡರೆ ನಿಮ್ಮ ಮಿಕ್ಸ್ಚರ್ ಮೊದಲಿಗಿಂತ ಸುಮಾರು ಶೇ. 8ರಷ್ಟು ಲೀನ್. ಸ್ಟಾಕ್ ಗಾಡಿ ಇದನ್ನು ಹೇಗೋ ನುಂಗಿಕೊಳ್ಳುತ್ತದೆ. ಚೇಂಬರ್ ಹಾಕಿ ಅಂಚಿನಲ್ಲಿ ಜೆಟ್ ಮಾಡಿದ ಗಾಡಿಗೆ ಅದು ಜೀವಕ್ಕೇ ಬರುತ್ತದೆ. "ಐದು ವರ್ಷದಿಂದ ಇದೇ ಜೆಟ್, ಏನೂ ಆಗಿರಲಿಲ್ಲ" ಅನ್ನುವವರು ಇದನ್ನು ದಯವಿಟ್ಟು ಲೆಕ್ಕ ಹಾಕಿ.

ಎಥೆನಾಲ್ ತೇವ ಹೀರುತ್ತದೆ, ಹಳೇ ರಬ್ಬರ್ ಪೈಪ್ ಮತ್ತು ಓ ರಿಂಗ್‌ಗಳನ್ನು ಮೆತ್ತಗೆ ಮಾಡುತ್ತದೆ, ಟ್ಯಾಂಕ್ ಒಳಗಿನ ಹಳೇ ಕೊಳೆಯನ್ನೂ ಎಬ್ಬಿಸುತ್ತದೆ. ಆ ಕೊಳೆ ಜೆಟ್‌ಗೆ ಬಂದು ಕೂತರೆ ಮತ್ತೆ ಲೀನ್. ಹಾಗಾಗಿ ಟ್ಯಾಂಕ್ ತೊಳೆಸಿ, ಪೈಪ್ ಹೊಸದು ಹಾಕಿ, ಕಾಕ್‌ನ ಜಾಲರಿ ನೋಡಿ. ದೊಡ್ಡ ಕಾರ್ಬುರೇಟರ್ ಹಾಕಿದ್ದರೆ ಕಾಕ್ ಅಷ್ಟು ಪೆಟ್ರೋಲ್ ಬಿಡುತ್ತದಾ ಅಂತಲೂ ನೋಡಬೇಕು. ಪೈಪನ್ನು ಬಾಟಲಿಗೆ ಬಿಟ್ಟು, ಟ್ಯಾಂಕ್ ಮುಚ್ಚಳ ಹಾಕಿಕೊಂಡೇ ಎರಡು ನಿಮಿಷ ಹರಿಯಲು ಬಿಡಿ. ಮೊದಲು ಜೋರಾಗಿ ಬಂದು ಆಮೇಲೆ ಸಣ್ಣಗಾದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ.

ಎತ್ತರದ ವಿಷಯವೂ ಇದೆ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಮೇಲಿದೆ, ಇಲ್ಲಿನ ಗಾಳಿ ತೆಳು. ಇಲ್ಲಿ ಅಂಚಿಗೆ ಜೆಟ್ ಮಾಡಿದ ಗಾಡಿಯನ್ನು ಹಾಗೇ ಮಂಗಳೂರಿಗೆ ತಗೊಂಡು ಹೋದರೆ ಅಲ್ಲಿ ಗಾಳಿ ದಟ್ಟ, ಮಿಕ್ಸ್ಚರ್ ಇನ್ನೂ ಶೇ. 4–5ರಷ್ಟು ಲೀನ್ ಆಗುತ್ತದೆ. ಮೇಲೆ ಹೇಳಿದ ಇ20ರ ಜೊತೆ ಇದನ್ನೂ ಸೇರಿಸಿದರೆ ಘಾಟಿ ಇಳಿದು ಕರಾವಳಿ ಹೈವೇಯಲ್ಲಿ ಥ್ರಾಟಲ್ ಹಿಡಿದ ಗಾಡಿಗಳು ಯಾಕೆ ಹೋಗುತ್ತವೆ ಅಂತ ಗೊತ್ತಾಗುತ್ತದೆ.

ಆಯಿಲ್

ಯಮಹಾದ ಆಟೋಲ್ಯೂಬ್ ಪಂಪ್ ಎಂಜಿನ್ ವೇಗ ಮತ್ತು ಥ್ರಾಟಲ್ ಎರಡನ್ನೂ ನೋಡಿ ಆಯಿಲ್ ಕೊಡುತ್ತದೆ. ಒಳ್ಳೆಯ ವ್ಯವಸ್ಥೆ. ಆದರೆ ಪಂಪಿನ ಕೇಬಲ್ ಥ್ರಾಟಲ್ ಜೊತೆ ಹೊಂದಿಸಿರಬೇಕು, ಪೈಪಿನಲ್ಲಿ ಗಾಳಿ ಗುಳ್ಳೆ ಇರಬಾರದು. ಆಯಿಲ್ ಟ್ಯಾಂಕ್ ಒಮ್ಮೆ ಖಾಲಿಯಾಗಿ ಮತ್ತೆ ತುಂಬಿಸಿದ್ದರೆ ಗಾಳಿ ತೆಗೆಯಲೇಬೇಕು, ಸುಮ್ನೆ ತುಂಬಿಸಿ ಹೊರಟರೆ ಪಂಪ್ ಗಾಳಿಯನ್ನೇ ತಳ್ಳುತ್ತಿರುತ್ತದೆ.

ದೊಡ್ಡ ಕಾರ್ಬುರೇಟರ್ ಹಾಕುವಾಗ ಪಂಪ್ ತೆಗೆದು ಪೆಟ್ರೋಲ್‌ಗೇ ಆಯಿಲ್ ಬೆರೆಸುವವರು ಅಳತೆ ಪಾತ್ರೆ ಇಟ್ಟುಕೊಳ್ಳಿ. 1:30 ಅಂದ್ರೆ ಲೀಟರ್‌ಗೆ 33 ಎಂಎಲ್, 1:25 ಅಂದ್ರೆ 40 ಎಂಎಲ್. "ಒಂದು ಮುಚ್ಚಳ" ಅನ್ನುವ ಲೆಕ್ಕ ಟ್ಯೂನ್ ಆದ ಗಾಡಿಗೆ ಬೇಡ. ಬಾಟಲಿ ಮೇಲೆ ಜಾಸೊ ಎಫ್‌ಡಿ (ಜಪಾನಿನ ಆಯಿಲ್ ಗುಣಮಟ್ಟದ ಗುರುತು) ಅಂತ ಇದ್ದರೆ ಒಳ್ಳೆಯದು, ಎಫ್‌ಸಿ ಆದರೂ ಸರಿ. ಭಯಕ್ಕೆ ಬಿದ್ದು ಆಯಿಲ್ ಎರಡು ಪಟ್ಟು ಸುರಿಯಬೇಡಿ. ಆಯಿಲ್ ಜಾಸ್ತಿಯಾದಷ್ಟೂ ಜೆಟ್‌ನಲ್ಲಿ ಹರಿಯುವ ಪೆಟ್ರೋಲ್‌ನ ಪಾಲು ಕಡಿಮೆ, ಅಲ್ವಾ? ಅದೂ ಸ್ವಲ್ಪ ಲೀನ್ ಕಡೆಗೇ ತಳ್ಳುತ್ತದೆ. ಆಯಿಲ್ ಪ್ರಮಾಣ ಬದಲಿಸಿದರೆ ಜೆಟ್ ಮತ್ತೆ ನೋಡಬೇಕು.

ಪೆಟ್ರೋಲ್‌ಗೆ ಬೆರೆಸುವವರಿಗೆ ಘಾಟಿ ಇಳಿಯುವುದು ಅಪಾಯದ ಹೊತ್ತು. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಗೇರ್‌ನಲ್ಲೇ ಥ್ರಾಟಲ್ ಮುಚ್ಚಿ ಇಳಿಯುತ್ತಿದ್ದರೆ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲ್ ಮಾತ್ರ ಹನಿ ಹನಿ, ಅದರ ಜೊತೆ ಬರುವ ಆಯಿಲೂ ಅಷ್ಟೇ. ಆಗಾಗ ಕ್ಲಚ್ ಹಿಡಿದು ಒಂದು ರೈಸ್ ಕೊಡಿ. ಬ್ರೇಕ್‌ಗೆ ಜಾಸ್ತಿ ಕೆಲಸ ಕೊಡಿ, ಎಂಜಿನ್‌ಗೆ ಕಡಿಮೆ.

ಲೇತ್ ಅಂಗಡಿಯಲ್ಲಿ ನಾಚಿಕೆ ಬೇಡ

ಕಾರಣ ಸಿಕ್ಕಿತು ಅಂದುಕೊಳ್ಳಿ. ಈಗ ಬೋರಿಂಗ್. ಪಿಸ್ಟನ್ ಮೊದಲು ತಗೊಳ್ಳಿ, ಆಮೇಲೆ ಬ್ಲಾಕ್ ಕೊಡಿ. ಕಲಾಸಿಪಾಳ್ಯ, ಜೆ.ಸಿ. ರೋಡ್ ಕಡೆ ಸುತ್ತಿದರೆ 25 ಸೈಜ್, 50 ಸೈಜ್ (ಮೂಲಕ್ಕಿಂತ 0.25, 0.50 ಮಿ.ಮೀ. ದೊಡ್ಡದು) ಎಲ್ಲ ಸಿಗಬಹುದು, ಆದರೆ ಒಂದೇ ಸೈಜಿನ ಎರಡು ಪಿಸ್ಟನ್‌ಗಳೂ ಕೂದಲೆಳೆಯಷ್ಟು ಬೇರೆ ಇರುತ್ತವೆ. ಹಾಗಾಗಿ ನಿಮ್ಮ ಕೈಯಲ್ಲಿರುವ ಪಿಸ್ಟನ್ ಅಳೆದು ಅದಕ್ಕೆ ತಕ್ಕಂತೆ ಬೋರ್ ಮತ್ತು ಹೋನಿಂಗ್ (ಒಳಗೋಡೆ ಉಜ್ಜಿ ಹದ ಮಾಡುವುದು) ಮಾಡಿಸಬೇಕು. ಮೈಕ್ರೋಮೀಟರ್‌ನಲ್ಲಿ ಸ್ಕರ್ಟ್‌ನ (ಪಿಸ್ಟನ್ ಬದಿಯ ಗೋಡೆಯ) ಕೆಳಭಾಗವನ್ನು, ಪಿನ್‌ಗೆ ಅಡ್ಡವಾಗಿ ಅಳೆಯುವುದು ಕ್ರಮ. ಬೋರ್ ಅನ್ನು ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ ಬೋರ್ ಗೇಜ್‌ನಲ್ಲಿ ನೋಡಬೇಕು.

"ಕ್ಲಿಯರೆನ್ಸ್ ಎಷ್ಟು ಇಟ್ರಿ?" ಅಂತ ಕೇಳಿ. "ಕರೆಕ್ಟಾಗಿದೆ ಬಿಡಿ ಸಾರ್" ಅನ್ನುವ ಉತ್ತರಕ್ಕೆ ತೃಪ್ತಿ ಪಡಬೇಡಿ. ಅಂಕೆ ಬೇಕು. ಪಿಸ್ಟನ್ ತಯಾರಕರು ಹೇಳಿದ್ದೇ ಅಂತಿಮ. ಟ್ಯೂನ್ ಆದ ಎಂಜಿನ್‌ಗೆ ಅವರು ಕೊಟ್ಟ ಮಿತಿಯ ಸಡಿಲ ಕಡೆ ಇಡುವುದು ನನ್ನ ಆಯ್ಕೆ. ಸ್ವಲ್ಪ ಟಪಟಪ ಸದ್ದು ಬಂದರೂ ಪರವಾಗಿಲ್ಲ, ಬಿಗಿ ಇಟ್ಟು ಎರಡನೇ ಸಲ ಸೀಜ್ ಆಗುವುದು ಬೇಡ. ಬೋರ್ ಆದ ಮೇಲೆ ಎಲ್ಲ ಪೋರ್ಟ್ ಅಂಚಿಗೂ ಚೇಂಫರ್ ಮಾಡಿಸಿ. ರಿಂಗನ್ನು ಬೋರ್ ಒಳಗೆ ನೇರವಾಗಿ ಇಳಿಸಿ ಫೀಲರ್ ಗೇಜ್‌ನಲ್ಲಿ ಅದರ ಎರಡು ತುದಿಗಳ ನಡುವಿನ ಗ್ಯಾಪ್ ನೋಡಿ. 50 ಮಿ.ಮೀ. ಬೋರ್‌ಗೆ 0.2 ಮಿ.ಮೀ. ಆಸುಪಾಸು ಇರಬೇಕು.

ಕ್ರ್ಯಾಂಕ್ ಮರೆಯಬೇಡಿ. ಸೀಜ್ ಆದಾಗ ಅಲ್ಯುಮಿನಿಯಂ ಚೂರು ಕೆಳಗೆ ಬಿದ್ದಿರುತ್ತದೆ, ಅದು ರಾಡ್‌ನ ಕೆಳತುದಿಯ ಬಿಗ್ ಎಂಡ್ ಬೇರಿಂಗ್‌ಗೆ ಹೋದರೆ ಹೊಸ ಪಿಸ್ಟನ್ ಹೆಚ್ಚು ದಿನ ಬಾಳುವುದಿಲ್ಲ. ರಾಡ್ ಹಿಡಿದು ಮೇಲೆ ಕೆಳಗೆ ಎಳೆದಾಗ ಆಟ ಇರಲೇಬಾರದು. ಪಕ್ಕಕ್ಕೆ ಸ್ವಲ್ಪ ಆಟ ಇರುವುದು ಸರಿ. ರಿಂಗ್ ಅಥವಾ ಪಿಸ್ಟನ್ ತುಂಡಾಗಿದ್ದರೆ ಕೇಸ್ ಬಿಚ್ಚಿ ತೊಳೆಸುವುದು ಬಿಟ್ಟು ಬೇರೆ ದಾರಿ ಇಲ್ಲ. ಬಿಚ್ಚಿದ ಮೇಲೆ ಬೇರಿಂಗ್, ಸೀಲ್ ಎರಡೂ ಹೊಸದು.

ಜೋಡಿಸುವಾಗ ಇನ್ನೆರಡು ಅಳತೆ. ಒಂದು ಸ್ಕ್ವಿಶ್ (ಪಿಸ್ಟನ್ ಪೂರ್ತಿ ಮೇಲಿದ್ದಾಗ ಅದರ ಅಂಚಿಗೂ ಹೆಡ್‌ಗೂ ಉಳಿಯುವ ಸಂದು): ಪ್ಲಗ್ ತೂತಿನಲ್ಲಿ ಮೆತ್ತನೆ ಸೋಲ್ಡರ್ ತಂತಿ ತೂರಿಸಿ, ಅದು ಬೋರ್ ಗೋಡೆಗೆ ತಾಗಿರುವಂತೆ ಹಿಡಿದು, ಕಿಕ್ಕರ್ ಒತ್ತಿ ಪಿಸ್ಟನ್ ಮೇಲೆ ಹಾದು ಹೋಗುವಂತೆ ಮಾಡಿ. ಚಪ್ಪಟೆಯಾದ ತುದಿಯನ್ನು ಅಳೆಯಿರಿ. 0.8ರಿಂದ 1.0 ಮಿ.ಮೀ. ನೂರು ಸಿಸಿ ಗಾಡಿಗೆ ಚೆನ್ನಾಗಿರುತ್ತದೆ. ಇನ್ನೊಂದು ಟೈಮಿಂಗ್. ಡಯಲ್ ಗೇಜ್ ಹಾಕಿ ಮ್ಯಾನುಯಲ್ ಪ್ರಕಾರ ಇಡಿ, ಮ್ಯಾಗ್ನೆಟ್ ಕೂರಿಸುವ ಅರ್ಧಚಂದ್ರ ಕೀ ಸವೆದಿಲ್ಲ ಅಂತ ನೋಡಿ. ಸೀಜ್ ಆದ ಏಟಿಗೆ ಅದು ಕತ್ತರಿಸಿರಬಹುದು, ಆಗ ನಿಮ್ಮ ಟೈಮಿಂಗ್ ಗುರುತುಗಳೆಲ್ಲ ಸುಳ್ಳು ಹೇಳುತ್ತವೆ.

ಸ್ಟಾಕ್‌ನಿಂದ ಶುರು

ಇಲ್ಲಿ ತಾಳ್ಮೆ ಬೇಕು. ಮೊದಲು ಸ್ಟಾಕ್ ಸೈಲೆನ್ಸರ್, ಸ್ಟಾಕ್ ಕಾರ್ಬುರೇಟರ್, ಫಿಲ್ಟರ್ ಹಾಕಿ ಓಡಿಸಿ. ಬ್ಲಾಕ್ ಪೋರ್ಟ್ ಆಗಿದ್ದರೆ ಅದು ಹಾಗೇ ಇರಲಿ, ಬೇರೆ ಎಲ್ಲ ಸ್ಟಾಕ್. ಪವರ್ ಕಡಿಮೆ ಅನಿಸುತ್ತದೆ, ಅನಿಸಲಿ. ಈಗ ಬೇಕಿರುವುದು ನಂಬಬಹುದಾದ ಒಂದು ಆಧಾರ.

ಸ್ಟಾರ್ಟ್ ಮಾಡಿ, ಹೆಡ್ ಚೆನ್ನಾಗಿ ಬಿಸಿಯಾಗುವವರೆಗೆ ಲಘುವಾಗಿ ರೈಸ್ ಮಾಡುತ್ತಾ ಇರಿ, ಆಫ್ ಮಾಡಿ ಪೂರ್ತಿ ತಣ್ಣಗಾಗಲು ಬಿಡಿ. ಹೀಗೆ ಮೂರು ಸಲ. ತಣ್ಣಗಿರುವಾಗ ಹೆಡ್ ನಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ ಮತ್ತೆ ನೋಡಿ. ಆಮೇಲೆ ರಸ್ತೆಗೆ. ಅರ್ಧ ಥ್ರಾಟಲ್ ದಾಟದೆ, ಒಂದೇ ವೇಗದಲ್ಲಿ ತುಂಬಾ ಹೊತ್ತು ಹಿಡಿಯದೆ, ಗೇರ್ ಬದಲಿಸುತ್ತಾ ಓಡಿಸಿ. ಮೊದಲ 500 ಕಿ.ಮೀ. ಇಷ್ಟೇ.

ಪ್ಲಗ್ ಕೆಳಗೆ ವಾಷರ್ ಥರ ಕೂರುವ ಟೆಂಪರೇಚರ್ ಸೆನ್ಸರ್ ಸಿಗುತ್ತದೆ, ಅದನ್ನು ಹಾಕಿಸಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಬೇರೆಯವರ ಗಾಡಿಯ ಅಂಕೆ ನಿಮಗೆ ಬೇಡ. ಇದೇ ಸ್ಟಾಕ್ ಸ್ಥಿತಿಯಲ್ಲಿ ನಿಮ್ಮ ದಿನದ ರಸ್ತೆ, ನಿಮ್ಮ ಊರ ಏರು, ಟ್ರಾಫಿಕ್ ಸಿಗ್ನಲ್ ಎಲ್ಲ ಕಡೆ ಎಷ್ಟು ತೋರಿಸುತ್ತದೆ ಅಂತ ಬರೆದಿಡಿ. ಮುಂದೆ ಅದೇ ರಸ್ತೆಯಲ್ಲಿ ಮುಳ್ಳು 25–30 ಡಿಗ್ರಿ ಮೇಲೆ ಹೋದರೆ ನಿಲ್ಲಿಸಿ ಕಾರಣ ಹುಡುಕಬೇಕು. ಹಿಂದೆ ಕಿವಿಯಿಂದ ಊಹಿಸುತ್ತಿದ್ದದ್ದು ಈಗ ಕಣ್ಣಿಗೆ ಕಾಣುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ

ರನ್ನಿಂಗ್ ಇನ್ ಮುಗಿದ ಮೇಲೆ ಮೊದಲು ಚೇಂಬರ್ ಹಾಕಿ, ಅದಕ್ಕೆ ಬೇಕಾದ ಜೆಟ್ ಬಿಟ್ಟು ಬೇರೆ ಏನೂ ಮುಟ್ಟಬೇಡಿ. ಅದರ ಜೊತೆಗೇ ಮೇನ್ ಜೆಟ್ ಮೂರು ಸೈಜ್ ದೊಡ್ಡದು ಹಾಕಿ. ಫುಲ್ ಥ್ರಾಟಲ್‌ನಲ್ಲಿ ಗಾಡಿ ಬರ್‌ಬರ್ ಅಂತ ಉಸಿರುಕಟ್ಟಿದಂತೆ ಓಡಬೇಕು, ಅದು ರಿಚ್, ಅಂದ್ರೆ ಪೆಟ್ರೋಲ್ ಜಾಸ್ತಿ. ಅಲ್ಲಿಂದ ಒಂದೊಂದೇ ಸೈಜ್ ಇಳಿಸಿ. ಸದ್ದು ಸ್ವಚ್ಛವಾಗುವ ಜೆಟ್ ಸಿಕ್ಕಾಗ ಇನ್ನೂ ಇಳಿಸಿ ನೋಡೋಣ ಅನ್ನುವ ಆಸೆ ಬರುತ್ತದೆ. ಬೇಡ. ಸ್ವಚ್ಛವಾದ ಜೆಟ್‌ಗಿಂತ ಒಂದು ಸೈಜ್ ಮೇಲೆ ಇಟ್ಟು ನಿಲ್ಲಿಸಿ. ಹೋಗುವ ಪವರ್ ನಿಮಗೆ ಗೊತ್ತೂ ಆಗುವುದಿಲ್ಲ, ಸಿಗುವ ಭದ್ರತೆ ದೊಡ್ಡದು.

ಮೇನ್ ಜೆಟ್ ಕೆಲಸ ಮಾಡುವುದು ಮುಕ್ಕಾಲಿನಿಂದ ಫುಲ್ ಥ್ರಾಟಲ್‌ವರೆಗೆ ಮಾತ್ರ. ಕಾಲಿನಿಂದ ಮುಕ್ಕಾಲಿನವರೆಗೆ ಸೂಜಿ. ಸೂಜಿಯ ಕ್ಲಿಪ್ ಒಂದು ಕಚ್ಚು ಕೆಳಗೆ ಇಳಿಸಿದರೆ ಸೂಜಿ ಮೇಲೆ ಏಳುತ್ತದೆ, ರಿಚ್ ಆಗುತ್ತದೆ. ಅದಕ್ಕಿಂತ ಕೆಳಗೆ ಪೈಲಟ್ ಜೆಟ್, ಏರ್ ಸ್ಕ್ರೂ. ಮಿಕುನಿ ವಿಎಂ ಕಾರ್ಬುರೇಟರ್‌ನಲ್ಲಿ ಏರ್ ಸ್ಕ್ರೂ ಹೊರಗೆ ತಿರುಗಿಸಿದರೆ ಲೀನ್. ಹೈವೇಯಲ್ಲಿ ನಾವು ಹೆಚ್ಚು ಹೊತ್ತು ಓಡಿಸುವುದು ಅರ್ಧ ಥ್ರಾಟಲ್‌ನಲ್ಲಿ. ಮೇನ್ ಜೆಟ್ ದೊಡ್ಡದು ಹಾಕಿ ಸೂಜಿ ಮರೆತವರ ಗಾಡಿ ಅಲ್ಲೇ ಸೀಜ್ ಆಗುತ್ತದೆ. ಥ್ರಾಟಲ್ ಹಿಡಿಕೆ ಮೇಲೆ ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಅಂತ ಗೆರೆ ಹಾಕಿಕೊಳ್ಳಿ, ಆಗ ಯಾವ ಭಾಗದಲ್ಲಿ ತೊಂದರೆ ಅಂತ ಹೇಳಲು ಬರುತ್ತದೆ.

ಚೇಂಬರ್ ಸರಿಹೋಗಿ ಕೆಲವು ವಾರ ಕಳೆದ ಮೇಲೆ ಕಾರ್ಬುರೇಟರ್. ಅದಾದ ಮೇಲೆ ಬೇಕಿದ್ದರೆ ಹೆಡ್. ಪ್ರತಿ ಹಂತಕ್ಕೂ ಜೆಟ್, ಟೆಂಪರೇಚರ್, ಹವಾಮಾನ, ಪ್ಲಗ್ ಫೋಟೋ ನೋಟ್‌ಬುಕ್‌ಗೆ ಹೋಗಲಿ. ಏನಾದರೂ ಕೆಟ್ಟರೆ ಹಿಂದಿನ ಪುಟಕ್ಕೆ ವಾಪಸ್ ಹೋಗಲು ದಾರಿ ಇರುತ್ತದೆ. ಎಲ್ಲ ಒಟ್ಟಿಗೆ ಹಾಕಿದವರಿಗೆ ಆ ದಾರಿ ಇರುವುದಿಲ್ಲ.

ಫುಲ್ ಥ್ರಾಟಲ್ ಪರೀಕ್ಷೆ ಸಾರ್ವಜನಿಕ ರಸ್ತೆಯಲ್ಲಿ ಮಾಡಬೇಡಿ. ಸೀಜ್ ಆದಾಗ ಹಿಂದಿನ ಚಕ್ರ ಲಾಕ್ ಆಗುತ್ತದೆ, ಹಿಂದೆ ಬರುವ ಲಾರಿಗೆ ಅದು ಗೊತ್ತಿರುವುದಿಲ್ಲ. ಕೊಯಮತ್ತೂರಿನ ಕರಿ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗಳು ನಮಗೆ ತೀರಾ ದೂರವೇನಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತೆಯೂ ಇಲ್ಲ. ಚೇಂಬರ್ ಹಾಕಿದ ಗಾಡಿಯನ್ನು ಟ್ರ್ಯಾಕ್‌ಗೆ ಇಟ್ಟುಕೊಳ್ಳಿ.

ಕೈ ಹೆದರಿದಾಗ

ಎಲ್ಲ ಸರಿ ಮಾಡಿದ ಮೇಲೂ ಮೊದಲ ಕೆಲವು ರೈಡ್‌ಗಳಲ್ಲಿ ಪ್ರತಿ ಸದ್ದೂ ಸೀಜ್ ಥರವೇ ಕೇಳಿಸುತ್ತದೆ. ಇದು ಎಲ್ಲರಿಗೂ ಆಗುತ್ತದೆ. ಆ ಹೊತ್ತಿಗೆ ಸ್ನೇಹಿತರನ್ನು ಜೊತೆಗೆ ಕರೆಯಬೇಡಿ, ಅವರ ಮುಂದೆ ಎಳೆಯಬೇಕು ಅನಿಸುತ್ತದೆ. ಹೊರಡುವ ಮುಂಚೆ ಮಿತಿ ಬರೆದುಕೊಳ್ಳಿ: ಇವತ್ತು ಇಷ್ಟು ಥ್ರಾಟಲ್, ಇಷ್ಟು ಟೆಂಪರೇಚರ್ ಬಂದರೆ ನಿಲ್ಲಿಸುತ್ತೇನೆ. ಎರಡು ಬೆರಳು ಯಾವಾಗಲೂ ಕ್ಲಚ್ ಮೇಲಿರಲಿ. ಎಂಜಿನ್ ಸದ್ದು ಇದ್ದಕ್ಕಿದ್ದಂತೆ ಮಂಕಾಗಿ, ಯಾರೋ ಹಿಂದಿನಿಂದ ಹಿಡಿದಂತೆ ಎಳೆತ ಕಡಿಮೆಯಾದರೆ ಯೋಚಿಸದೆ ಕ್ಲಚ್ ಹಿಡಿಯಿರಿ, ಪಕ್ಕಕ್ಕೆ ಬನ್ನಿ. ನಿಂತ ಜಾಗದಲ್ಲಿ ಕ್ಲಚ್ ಹಿಡಿಯುವುದನ್ನು ಅಭ್ಯಾಸ ಮಾಡಿ, ಹಾಸ್ಯಾಸ್ಪದ ಅನಿಸಿದರೂ ಮಾಡಿ. ಏನಾದರೂ ಆದರೆ ಕೈ ತಾನಾಗಿ ಕೆಲಸ ಮಾಡುತ್ತದೆ ಅಂತ ಗೊತ್ತಾದಾಗ ಭಯ ಅರ್ಧ ಇಳಿಯುತ್ತದೆ.

ಬೇರೆಯವರ ಗಾಡಿ ಟ್ಯೂನ್ ಮಾಡುವವರಿಗೆ ಈ ಭಯ ಇನ್ನೂ ಜಾಸ್ತಿ, ಯಾಕಂದ್ರೆ ಹೋಗುವುದು ಹಣದ ಜೊತೆ ಹೆಸರು. ಗಾಡಿ ತಂದವರಿಗೆ ಹಳೇ ಪಿಸ್ಟನ್ ತೋರಿಸಿ, ಕಾರಣ ಹೇಳಿ, ಕ್ಲಿಯರೆನ್ಸ್ ಮತ್ತು ಜೆಟ್ ಅಂಕೆಗಳನ್ನು ಚೀಟಿಯಲ್ಲಿ ಬರೆದು ಕೊಡಿ. ಯಾವ ಪೆಟ್ರೋಲ್, ಎಷ್ಟು ಆಯಿಲ್ ಅಂತ ಅದರಲ್ಲೇ ಇರಲಿ.

ಚೇಂಬರ್ ಹಾಕಿ ಜೆಟ್ ಮುಗಿಸಿ ಇನ್ನೊಂದು 500 ಕಿ.ಮೀ. ಆದ ಮೇಲೆ, ಏನೂ ತೊಂದರೆ ಇಲ್ಲದಿದ್ದರೂ, ಹೆಡ್ ಮತ್ತು ಬ್ಲಾಕ್ ಬಿಚ್ಚಿ ಪಿಸ್ಟನ್ ನೋಡಿ. ಖರ್ಚು ಎರಡು ಪ್ಯಾಕಿಂಗ್ ಮತ್ತು ಒಂದು ಭಾನುವಾರದ ಬೆಳಿಗ್ಗೆ. ಸ್ಕರ್ಟ್ ಮೇಲೆ ಸಣ್ಣ ಹೊಳಪು ಇರಬಹುದು, ಉದ್ದ ಗೀರು ಇರಬಾರದು. ತಲೆ ಮೇಲೆ ಟ್ರಾನ್ಸ್‌ಫರ್ ಪೋರ್ಟ್‌ಗಳ ಎದುರು ತೊಳೆದಂತೆ ಸ್ವಚ್ಛ ಜಾಗ, ಉಳಿದ ಕಡೆ ಕಂದು ಬಣ್ಣ, ಅಂಚಿನಲ್ಲಿ ಗುಳಿ ಒಂದೂ ಇಲ್ಲ ಅಂದ್ರೆ ಹೊಸ ಪ್ಯಾಕಿಂಗ್ ಹಾಕಿ ಮುಚ್ಚಿ, ಸೋರಿಕೆ ಪರೀಕ್ಷೆ ಮಾಡಿ, ಮುಂದಿನ ಬದಲಾವಣೆಗೆ ಹೋಗಿ. ಎಕ್ಸಾಸ್ಟ್ ಕಡೆ ಗೀರು ಶುರುವಾಗಿದ್ದರೆ ಎಂಜಿನ್ ಇನ್ನೂ ಓಡುತ್ತಿರುವಾಗಲೇ ಅದು ಸಿಕ್ಕಿತು, ಜೆಟ್ ಒಂದು ಸೈಜ್ ಏರಿಸಿ ಮತ್ತೆ ಟೆಂಪರೇಚರ್ ಬರೆಯಲು ಶುರು ಮಾಡಿ.